ಉಗಿ ಎಂಜಿನ್‌ನ ವೇಷವೋ, ಉಗಿ ಎಂಜಿನ್ನೋ? ಪಾರಂಪರಿಕ ರೈಲುಗಳ ಮುಂದಿರುವ ಪ್ರಶ್ನೆ

ಕನ್ನಡದಲ್ಲಿ ರೈಲಿಗೆ ಹೊಗೆಬಂಡಿ, ಉಗಿಬಂಡಿ ಎಂಬ ಹೆಸರುಗಳಿದ್ದವು. ಈಗ ಹೊಗೆಯೂ ಇಲ್ಲ, ಉಗಿಯೂ ಇಲ್ಲ. ಆದರೂ ಮಕ್ಕಳು ರೈಲಾಟ ಆಡುವಾಗ ಬಾಯಲ್ಲಿ ಬರುವುದು 'ಚುಕು ಬುಕು' ಸದ್ದೇ. ವಂದೇ ಭಾರತ್ ನೋಡಿ ಬೆಳೆಯುತ್ತಿರುವ ಮಕ್ಕಳೂ ಇದನ್ನೇ ಅನ್ನುತ್ತಾರೆ. ಕೇಳದ ಸದ್ದನ್ನು ಅನುಕರಿಸುವ ಪೀಳಿಗೆ ಇದು.

ಈ ಮೋಹವನ್ನು ರೈಲ್ವೆ ಇಲಾಖೆಯೂ ಬಲ್ಲದು. 2023ರ ಅಕ್ಟೋಬರ್ 31ರಂದು ಗುಜರಾತಿನ ಏಕತಾ ನಗರದಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ಪಾರಂಪರಿಕ ರೈಲೊಂದಕ್ಕೆ ಹಸಿರು ನಿಶಾನೆ ತೋರಿಸಿದರು. ಏಕತಾ ನಗರ ಮತ್ತು ಅಹಮದಾಬಾದ್ ನಡುವೆ ಭಾನುವಾರಗಳಂದು ಓಡುವ ರೈಲೆಂದು ಅದನ್ನು ಪ್ರಕಟಿಸಲಾಯಿತು. ಹವಾನಿಯಂತ್ರಿತ ಬೋಗಿ, ಊಟಕ್ಕೆ ಪ್ರತ್ಯೇಕ ರೆಸ್ಟೋರೆಂಟ್ ಬೋಗಿ, ತೇಗದ ಮರದ ಒಳಾಂಗಣ. ಮುಂದುಗಡೆ ಕಪ್ಪು ಬಣ್ಣದ, ದುಂಡು ಮೂತಿಯ ಉಗಿ ಎಂಜಿನ್. ಹತ್ತಿರ ಹೋಗಿ ನೋಡಿದರೆ ಮಾತ್ರ ಗೊತ್ತಾಗುವುದು, ಅದರ ಹೊಟ್ಟೆಯಲ್ಲಿ ಬೆಂಕಿ ಇಲ್ಲ, ನೀರಿಲ್ಲ. ನೋಟಕ್ಕೆ ಉಗಿ ಎಂಜಿನ್, ಓಡುವುದು ವಿದ್ಯುತ್ತಿನಿಂದ.

ಇದರಲ್ಲಿ ತಪ್ಪೇನು ಎಂದು ಕೇಳಬಹುದು. ಪ್ರವಾಸಿಗರಿಗೆ ಖುಷಿ, ಪರಿಸರಕ್ಕೆ ಹೊಗೆಯಿಲ್ಲ, ಇಲಾಖೆಗೆ ತಲೆನೋವಿಲ್ಲ. ಆದರೆ ಇದೇ ದಾರಿ ಮುಂದುವರಿದರೆ ದೇಶದ ನಿಜವಾದ ಉಗಿ ಎಂಜಿನ್‌ಗಳ ಗತಿ ಏನು ಎಂಬುದು ಸಣ್ಣ ಪ್ರಶ್ನೆಯಲ್ಲ. ಏಕೆಂದರೆ ದುರಸ್ತಿಯಾಗಿ, ಸ್ವಂತ ಉಗಿಯಿಂದ ಹಳಿಯ ಮೇಲೆ ಓಡಿದ ಪುರಾತನ ಎಂಜಿನ್‌ಗಳ ವಿಷಯದಲ್ಲಿ ಭಾರತ ಜಗತ್ತಿನಲ್ಲೇ ಮುಂಚೂಣಿಯಲ್ಲಿದೆ.

1855ರ ಎಂಜಿನ್, 1997ರ ಓಟ

ದೆಹಲಿಯ ಕನ್ನಡಿಗರಲ್ಲಿ ಹಲವರು ಚಾಣಕ್ಯಪುರಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ದಿರುತ್ತಾರೆ. ಅಲ್ಲಿನ ಸಂಗ್ರಹದ ಕಿರೀಟದಂತಿರುವುದು 'ಫೇರಿ ಕ್ವೀನ್'. ಇಂಗ್ಲೆಂಡಿನ ಲೀಡ್ಸ್ ನಗರದ ಕಿಟ್ಸನ್, ಥಾಂಪ್ಸನ್ ಅಂಡ್ ಹ್ಯೂಯಿಟ್‌ಸನ್ ಕಂಪನಿ 1855ರಲ್ಲಿ ಇದನ್ನು ತಯಾರಿಸಿತು. ಈಸ್ಟ್ ಇಂಡಿಯನ್ ರೈಲ್ವೆಯ ದಾಖಲೆಯಲ್ಲಿ ಇದರ ಸಂಖ್ಯೆ 22. ಹೌರಾ ಮತ್ತು ರಾಣಿಗಂಜ್ ನಡುವೆ ಹಗುರ ಅಂಚೆ ರೈಲುಗಳನ್ನು ಎಳೆಯಿತು, 1857ರ ದಂಗೆಯ ಸಮಯದಲ್ಲಿ ಸೈನಿಕರನ್ನು ಸಾಗಿಸಿತು, 1909ರಲ್ಲಿ ನಿವೃತ್ತಿಯಾಯಿತು.

26 ಟನ್ ತೂಕ, ಸುಮಾರು 130 ಅಶ್ವಶಕ್ತಿ, ಗಂಟೆಗೆ 40 ಕಿ.ಮೀ. ವೇಗ. ಇಂದಿನ ಒಂದು ಸಾಧಾರಣ ಕಾರಿನ ಎಂಜಿನ್‌ಗೂ ಇಷ್ಟು ಶಕ್ತಿ ಇರುತ್ತದೆ. ನೀರಿಗೆ ಪ್ರತ್ಯೇಕ ಗಾಡಿಯಿಲ್ಲ, ಎಂಜಿನ್ನಿನ ಅಡಿಯಲ್ಲೇ ತೂಗುಹಾಕಿದ 3,000 ಲೀಟರ್‌ನ ತೊಟ್ಟಿ. ಈ ಮುದುಕಿಯನ್ನು ದುರಸ್ತಿ ಮಾಡಿ 1997ರ ಜುಲೈನಲ್ಲಿ ಮತ್ತೆ ಹಳಿಗಿಳಿಸಿದಾಗ 88 ವರ್ಷಗಳ ವಿರಾಮ ಮುಗಿದಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ದೆಹಲಿ ಕಂಟೋನ್ಮೆಂಟ್‌ನಿಂದ ಅಲ್ವರ್‌ಗೆ ಪ್ರವಾಸಿ ಓಟ ಶುರುವಾಯಿತು. 143 ಕಿ.ಮೀ. ದಾರಿ, 60 ಆಸನ, ಸರಿಸ್ಕಾ ಹುಲಿಧಾಮದ ಭೇಟಿಯೂ ಸೇರಿದ ಎರಡು ದಿನಗಳ ಪ್ಯಾಕೇಜ್. 1998ರ ಜನವರಿಯಲ್ಲಿ, ಸೇವೆಯಲ್ಲಿರುವ ಜಗತ್ತಿನ ಅತ್ಯಂತ ಹಳೆಯ ಉಗಿ ಎಂಜಿನ್ ಎಂದು ಗಿನ್ನೆಸ್ ದಾಖಲೆಗೂ ಸೇರಿತು.

ಇಷ್ಟೆಲ್ಲ ಮರ್ಯಾದೆ ಪಡೆದ ಎಂಜಿನ್ ಮುಂದೆ ನಿಂತುಹೋದದ್ದು ಬಾಯ್ಲರ್ ಒಡೆದು ಅಲ್ಲ, ವಯಸ್ಸಿನಿಂದಲೂ ಅಲ್ಲ. ಬಿಡಿಭಾಗಗಳು ಕಳುವಾಗಿ! ವರ್ಷಗಟ್ಟಲೆ ಅದು ಓಡಲಿಲ್ಲ. ಚೆನ್ನೈನ ಪೆರಂಬೂರ್ ಲೋಕೊ ಕಾರ್ಯಾಗಾರದಲ್ಲಿ ದುರಸ್ತಿಯಾಗಿ, 2017ರ ಫೆಬ್ರವರಿಯಲ್ಲಿ ದೆಹಲಿ ಕಂಟೋನ್ಮೆಂಟ್ ಮತ್ತು ರೇವಾಡಿ ನಡುವೆ ಓಡಿತು. ಹಳೆಯ ಕಾರಿನ ಕನ್ನಡಿ ಕಳುವಾದರೆ ಗುಜರಿ ಅಂಗಡಿಯಲ್ಲಿ ಇನ್ನೊಂದು ಸಿಗಬಹುದು. 1855ರ ಎಂಜಿನ್ನಿನ ಕವಾಟ ಕಳುವಾದರೆ ಅದನ್ನು ಅಚ್ಚು ಹಾಕಿ, ಎರಕ ಹೊಯ್ದು, ಕೈಯಿಂದ ಉಜ್ಜಿ ಮತ್ತೆ ತಯಾರಿಸಬೇಕು.

ಪೆರಂಬೂರಿನ ಕೈಚಳಕ

ಪೆರಂಬೂರಿಗೆ ಇದು ಹೊಸ ಕೆಲಸವಾಗಿರಲಿಲ್ಲ. ಫೇರಿ ಕ್ವೀನ್‌ಗೆ ಒಂದು ಅವಳಿಯಿದೆ. ಅದೇ ಕಂಪನಿ, ಅದೇ 1855, ಸಂಖ್ಯೆ 21. ಹೆಸರು 'ಎಕ್ಸ್‌ಪ್ರೆಸ್'. ಇದು ಕೂಡ 1909ರಲ್ಲೇ ನಿವೃತ್ತಿಯಾಗಿ, ಒಂದು ಶತಮಾನ ಪ್ರದರ್ಶನದ ವಸ್ತುವಾಗಿ ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿತ್ತು. ಅಂಥ ಎಂಜಿನ್‌ನಲ್ಲಿ ಒಳಗಿನ ಕೊಳವೆಗಳು ತುಕ್ಕು ಹಿಡಿದಿರುತ್ತವೆ, ಬೇಕಾದ ಭಾಗಗಳೇ ಇರುವುದಿಲ್ಲ, ಮೂಲ ನಕ್ಷೆಗಳೂ ಸಿಗುವುದು ಕಷ್ಟ. ಪೆರಂಬೂರಿನ ಕೆಲಸಗಾರರು ಇದನ್ನು ಬಿಚ್ಚಿ, ಬೇಕಾದ್ದನ್ನು ತಾವೇ ಮಾಡಿಕೊಂಡು, 2010ರಲ್ಲಿ ಓಡಿಸಿದರು. 101 ವರ್ಷಗಳ ನಂತರ ಆ ಬಾಯ್ಲರ್ ಉಗಿ ಕಟ್ಟಿತು. ಆಮೇಲೆ ಚೆನ್ನೈನ ಎಗ್ಮೋರ್ ಕಡೆ ವಿಶೇಷ ದಿನಗಳಲ್ಲಿ ಈ ಎಂಜಿನ್ ಒಂದು ಬೋಗಿ ಎಳೆದುಕೊಂಡು ಹೊರಟರೆ ಪ್ಲಾಟ್‌ಫಾರ್ಮ್‌ಗಳಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ.

ಪೆರಂಬೂರ್ ಎಂದರೆ ಬಹುತೇಕರಿಗೆ ಬೋಗಿ ತಯಾರಿಸುವ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ ನೆನಪಾಗುತ್ತದೆ. ಲೋಕೊ ಕಾರ್ಯಾಗಾರ ಬೇರೆ. ಅದರ ಹೆಸರು ಪತ್ರಿಕೆಗಳ ಮುಖಪುಟಕ್ಕೆ ಬರುವುದು ಅಪರೂಪ.

ಬೆಂಕಿ ಹಚ್ಚುವುದೇ ಒಂದು ವಿದ್ಯೆ

ಉಗಿ ಎಂಜಿನ್ ಓಡಿಸುವುದು ಎಂದರೆ ಕೀಲಿ ತಿರುಗಿಸಿ ಹೊರಡುವುದಲ್ಲ. ಬೆಳಿಗ್ಗೆಯ ಓಟಕ್ಕೆ ಹಿಂದಿನ ದಿನವೇ ಬೆಂಕಿ ಹಚ್ಚಬೇಕು. ತಣ್ಣಗಿರುವ ಬಾಯ್ಲರ್‌ನ ಉಕ್ಕು ನಿಧಾನವಾಗಿ ಬಿಸಿಯಾಗಬೇಕು. ಅವಸರ ಮಾಡಿದರೆ ಒಂದು ಭಾಗ ಹಿಗ್ಗಿ, ಇನ್ನೊಂದು ಹಿಗ್ಗದೆ ಬಿರುಕು ಬಿಡುತ್ತದೆ. ಬೆಂಕಿಗೂಡಿನ ನೆತ್ತಿಯ ಮೇಲೆ ಸದಾ ನೀರಿರಬೇಕು. ಅದು ಇಳಿದು ನೆತ್ತಿ ಬರಿದಾದರೆ ಲೋಹ ಮೆತ್ತಗಾಗಿ ಕುಸಿಯುತ್ತದೆ, ಬಾಯ್ಲರ್ ಬಾಂಬಿನಂತೆ ಸಿಡಿಯುತ್ತದೆ. ಹಾಗಾಗಿ ಫೈರ್‌ಮನ್‌ನ ಒಂದು ಕಣ್ಣು ಸದಾ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ಮೇಲಿರುತ್ತದೆ. ಕಲ್ಲಿದ್ದಲನ್ನು ಸುಮ್ಮನೆ ಗುಡ್ಡೆ ಹಾಕುವಂತಿಲ್ಲ. ಎಲ್ಲಿ ತೆಳ್ಳಗೆ, ಎಲ್ಲಿ ದಪ್ಪಗೆ ಹರಡಬೇಕು, ಮುಂದೆ ಏರು ಬಂದಾಗ ಎಷ್ಟು ಮೊದಲೇ ಬೆಂಕಿ ಕಟ್ಟಬೇಕು ಎಂಬುದು ಪುಸ್ತಕ ಓದಿ ಬರುವ ಜ್ಞಾನವಲ್ಲ.

ನಂತರ ತೊಳೆಯುವ ಕೆಲಸ. ನೀರಿನ ಸುಣ್ಣದ ಅಂಶ ಒಳಗೆ ಪೊರೆಯಾಗಿ ಕೂರುತ್ತದೆ. ಮನೆಯ ಗೀಸರ್‌ನಲ್ಲಿ ಆಗುವುದೇ ಇಲ್ಲೂ ಆಗುತ್ತದೆ, ಆದರೆ ಪರಿಣಾಮ ಗೀಸರ್‌ನಷ್ಟು ಸಣ್ಣದಲ್ಲ. ನಿಯಮಿತವಾಗಿ ಒಳಗನ್ನು ತೊಳೆದು, ಕೊಳವೆಗಳನ್ನು ಪರೀಕ್ಷಿಸಿ, ಕೆಟ್ಟದ್ದನ್ನು ಬದಲಿಸಬೇಕು. ಎರಡು ಸಿಲಿಂಡರಿನ ಎಂಜಿನ್ ಚಕ್ರದ ಒಂದು ಸುತ್ತಿಗೆ ನಾಲ್ಕು ಬಾರಿ ಉಸಿರು ಬಿಡುತ್ತದೆ. ಆ ನಾಲ್ಕರಲ್ಲಿ ಒಂದು ಕುಗ್ಗಿದರೆ ಕವಾಟದ ಹೊಂದಾಣಿಕೆ ತಪ್ಪಿದೆ ಎಂದು ಪಳಗಿದ ಕಿವಿಗೆ ದೂರದಿಂದಲೇ ತಿಳಿಯುತ್ತದೆ. 'ಚುಕು ಬುಕು' ಎಂದು ಮಕ್ಕಳು ಆಡುವ ಸದ್ದು ಎಂಜಿನ್ನಿನ ಆರೋಗ್ಯದ ವರದಿಯೂ ಹೌದು.

ಬ್ರಾಡ್ ಗೇಜ್‌ನಲ್ಲಿ ಉಗಿ ಎಂಜಿನ್‌ನ ಕೊನೆಯ ನಿಯಮಿತ ಓಟ ನಡೆದದ್ದು 1995ರ ಡಿಸೆಂಬರ್ 6ರಂದು, ಪಂಜಾಬಿನ ಜಲಂಧರ್–ಫಿರೋಜ್‌ಪುರ ಮಾರ್ಗದಲ್ಲಿ. ಅಂದು ಇಪ್ಪತ್ತೈದರ ಹರೆಯದಲ್ಲಿದ್ದ ಫೈರ್‌ಮನ್‌ಗೂ ಈಗ ಐವತ್ತು ದಾಟಿದೆ. ಚಾಲಕರಾಗಿದ್ದವರು ನಿವೃತ್ತರು. ದೇಶದ ಪಾರಂಪರಿಕ ಓಟಗಳ ನಿಜವಾದ ಸಮಸ್ಯೆ ಇಲ್ಲಿದೆ. ಎಂಜಿನ್ ಉಳಿಸಬಹುದು, ಬಣ್ಣ ಬಳಿಯಬಹುದು. ಅದನ್ನು ಕೈಗೆ ಹತ್ತಿಸಿಕೊಂಡವರು ಹೋಗುವ ಮೊದಲು ಹೊಸಬರಿಗೆ ಕಲಿಸದಿದ್ದರೆ ಉಳಿಯುವುದು ಕಬ್ಬಿಣ ಮಾತ್ರ. ವರ್ಷಕ್ಕೆ ಒಂದೆರಡು ಬಾರಿ, ಸ್ವಾತಂತ್ರ್ಯ ದಿನಕ್ಕೋ ಗಣರಾಜ್ಯೋತ್ಸವಕ್ಕೋ ಓಡಿಸಿದರೆ ಹೊಸ ಕೈ ಪಳಗುವುದು ಹೇಗೆ?

ಬ್ರಿಟನ್ನಿನ ಪಾಠ

ಉಗಿ ಎಂಜಿನ್ ಹುಟ್ಟಿದ ದೇಶವೇ ಈ ಪಾಠವನ್ನು ಕಷ್ಟಪಟ್ಟು ಕಲಿಯಿತು. ಬ್ರಿಟನ್ನಿನ ಉತ್ಸಾಹಿಗಳು ಹಣ ಕೂಡಿಸಿ ಹೊಚ್ಚಹೊಸ ದೊಡ್ಡ ಉಗಿ ಎಂಜಿನ್ ಒಂದನ್ನು ಕಟ್ಟಲು ಹೊರಟರು. 2008ರಲ್ಲಿ ಪೂರ್ಣಗೊಂಡ ಅದರ ಹೆಸರು 'ಟೊರ್ನಾಡೊ'. ಆದರೆ ಅದರ ಬಾಯ್ಲರ್ ತಯಾರಾದದ್ದು ಬ್ರಿಟನ್ನಿನಲ್ಲಲ್ಲ, ಜರ್ಮನಿಯ ಮೈನಿಂಗೆನ್ ಕಾರ್ಯಾಗಾರದಲ್ಲಿ. ಒಂದು ಕಾಲಕ್ಕೆ ಜಗತ್ತಿಗೆಲ್ಲ ಎಂಜಿನ್ ಕಳುಹಿಸಿದ ದೇಶ ತನಗೆ ಬೇಕಾದ ಒಂದು ಬಾಯ್ಲರ್‌ಗಾಗಿ ಹೊರಗೆ ಹೋಗಬೇಕಾಯಿತು.

1923ರಲ್ಲಿ ತಯಾರಾದ 'ಫ್ಲೈಯಿಂಗ್ ಸ್ಕಾಟ್ಸ್‌ಮನ್' ದುರಸ್ತಿಗೆ ಸುಮಾರು ಹತ್ತು ವರ್ಷ ಮತ್ತು 42 ಲಕ್ಷ ಪೌಂಡ್ ಹಿಡಿಯಿತು. 2016ರ ಫೆಬ್ರವರಿ 25ರಂದು ಲಂಡನ್‌ನಿಂದ ಯಾರ್ಕ್‌ಗೆ ಓಡಿದಾಗ, ಫೋಟೊಗಾಗಿ ಜನ ಹಳಿಗೇ ಇಳಿದು ರೈಲು ನಿಲ್ಲಿಸಬೇಕಾಯಿತು. ಸೆಲ್ಫಿ ಹುಚ್ಚು ನಮ್ಮಲ್ಲಿ ಮಾತ್ರ ಎಂದುಕೊಂಡವರು ಇದನ್ನು ಗಮನಿಸಬಹುದು.

ಅಲ್ಲಿ ಸುರಕ್ಷತೆಯ ತಕರಾರು ನ್ಯಾಯಾಲಯದವರೆಗೂ ಹೋಗಿದೆ. ಸ್ಕಾಟ್ಲೆಂಡಿನ ಗ್ಲೆನ್‌ಫಿನ್ನನ್ ಕಮಾನು ಸೇತುವೆಯ ಮೇಲೆ ಸಾಗುವ 'ಜಾಕೊಬೈಟ್' ರೈಲನ್ನು ಹ್ಯಾರಿ ಪಾಟರ್ ಚಿತ್ರಗಳ ಅಭಿಮಾನಿಗಳೆಲ್ಲ ಬಲ್ಲರು. ಹಳೆಯ ಬೋಗಿಗಳ ಬಾಗಿಲುಗಳಿಗೆ ಒಂದೇ ಕಡೆಯಿಂದ ಬೀಗ ಬೀಳುವ ವ್ಯವಸ್ಥೆ ಬೇಕೆಂದು ರೈಲು ಸುರಕ್ಷತಾ ನಿಯಂತ್ರಕರು ಪಟ್ಟುಹಿಡಿದರು. ಅಷ್ಟು ಖರ್ಚು ತಾಳಲಾಗದು, ವಿನಾಯಿತಿ ಕೊಡಿ ಎಂದು ಕಂಪನಿ ಹೈಕೋರ್ಟ್ ಮೆಟ್ಟಿಲೇರಿತು. 2023ರ ಡಿಸೆಂಬರ್‌ನಲ್ಲಿ ಅರ್ಜಿ ವಜಾ ಆಯಿತು. ಪರಂಪರೆ ಎಂಬ ಕಾರಣಕ್ಕೆ ಪ್ರಯಾಣಿಕರ ಜೀವಕ್ಕೆ ಬೇರೆ ಅಳತೆಗೋಲು ಇರಲಾಗದು ಎಂಬುದೇ ಇದರ ಸಾರ. ಅದು ಸರಿಯಾದ ನಿಲುವೇ. ಕಲ್ಲಿದ್ದಲಿನ ತಾಪತ್ರಯವೂ ಅಲ್ಲಿದೆ. ವೇಲ್ಸ್‌ನ ಗಣಿಗಳು ಮುಚ್ಚಿದ ಮೇಲೆ ಪಾರಂಪರಿಕ ರೈಲುಗಳು ಹೊರದೇಶದ ಕಲ್ಲಿದ್ದಲು ತರಿಸುತ್ತಿವೆ.

ಆದರೂ ಅಲ್ಲಿ ಈ ಲೋಕ ಜೀವಂತವಾಗಿರುವುದಕ್ಕೆ ಸ್ವಯಂಸೇವಕರು ಕಾರಣ. 1951ರಲ್ಲಿ ವೇಲ್ಸ್‌ನ ಟಾಲಿಲಿನ್ ಎಂಬ ಪುಟ್ಟ ರೈಲು ಮಾರ್ಗವನ್ನು ಉತ್ಸಾಹಿಗಳೇ ವಹಿಸಿಕೊಂಡು ನಡೆಸಿದ್ದು ಮೊದಲ ಉದಾಹರಣೆ. ನಿವೃತ್ತ ಶಿಕ್ಷಕರು, ಬ್ಯಾಂಕ್ ನೌಕರರು, ಕಾಲೇಜು ಹುಡುಗರು ವಾರಾಂತ್ಯದಲ್ಲಿ ಬಂದು ಕಲ್ಲಿದ್ದಲು ಎತ್ತುತ್ತಾರೆ, ಹಿತ್ತಾಳೆ ಉಜ್ಜುತ್ತಾರೆ. ಹೀಗೆ ವಿದ್ಯೆ ಕೈಯಿಂದ ಕೈಗೆ ದಾಟುತ್ತದೆ. ಭಾರತದಲ್ಲಿ ಹಳಿ, ಎಂಜಿನ್, ಕಾರ್ಯಾಗಾರ ಎಲ್ಲವೂ ಸರ್ಕಾರದ್ದೇ. ರೈಲು ಪ್ರಿಯರ ಸಂಘಗಳಿವೆ, ಉತ್ಸಾಹಕ್ಕೂ ಕೊರತೆಯಿಲ್ಲ. ಆದರೆ ಹೊರಗಿನವರು ಎಂಜಿನ್ ಮುಟ್ಟುವ ಪದ್ಧತಿ ಬೆಳೆಯಲಿಲ್ಲ.

ನೀಲಗಿರಿಯಲ್ಲಿ ಬೇರೆಯೇ ಕಥೆ

ಹಾಗೆಂದು ಭಾರತದ ಚಿತ್ರ ಪೂರ್ತಿ ಮಸುಕಾಗಿಲ್ಲ. ಮೈಸೂರಿನವರು ಬಂಡೀಪುರ ದಾಟಿ ಊಟಿಗೆ ಹೋಗುವವರು. ಆದರೆ ಊಟಿಯ ರೈಲು ಹತ್ತುವುದು ಇನ್ನೊಂದು ಮಗ್ಗುಲಿನಿಂದ, ಮೆಟ್ಟುಪಾಳಯಂನಿಂದ. 46 ಕಿ.ಮೀ. ಮಾರ್ಗ, 16 ಸುರಂಗ, 208 ತಿರುವು, 250 ಸೇತುವೆ. ಕಲ್ಲಾರ್ ದಾಟಿದ ಮೇಲೆ 12 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವಷ್ಟು ಕಡಿದು. ಮಾಮೂಲಿ ಚಕ್ರ ಜಾರುತ್ತದೆ. ಆದ್ದರಿಂದ ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಸಿ, ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಏರುವ ವ್ಯವಸ್ಥೆ ಇದೆ. ಇದಕ್ಕಾಗಿ ಸ್ವಿಟ್ಜರ್ಲೆಂಡಿನಲ್ಲಿ ತಯಾರಾದ 'ಎಕ್ಸ್' ವರ್ಗದ ಎಂಜಿನ್‌ಗಳಿಗೆ ನಾಲ್ಕು ಸಿಲಿಂಡರ್. ಎರಡು ಚಕ್ರಕ್ಕೆ, ಇನ್ನೆರಡು ಹಲ್ಲುಚಕ್ರಕ್ಕೆ. ಕೂನೂರಿನವರೆಗೆ ಉಗಿ, ಅಲ್ಲಿಂದ ಊಟಿಗೆ ಡೀಸೆಲ್. 2005ರಲ್ಲಿ ಇದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಡಾರ್ಜಿಲಿಂಗ್ 1999ರಲ್ಲೇ ಸೇರಿತ್ತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಸ್ವಿಸ್ ಎಂಜಿನ್‌ಗಳು ದಣಿದಾಗ ರೈಲ್ವೆ ಅವುಗಳಿಗೆ ವೇಷ ಹಾಕಲಿಲ್ಲ. ತಿರುಚಿನಾಪಳ್ಳಿಯ ಪೊನ್ಮಲೈ, ಅಂದರೆ ಗೋಲ್ಡನ್ ರಾಕ್ ಕಾರ್ಯಾಗಾರದಲ್ಲಿ ಅದೇ ಮಾದರಿಯ ಹೊಸ ಉಗಿ ಎಂಜಿನ್‌ಗಳನ್ನೇ ಕಟ್ಟಿತು. ಕಲ್ಲಿದ್ದಲಿನ ಬದಲು ಎಣ್ಣೆ ಉರಿಸುವ ಬದಲಾವಣೆಯನ್ನೂ ಮಾಡಿತು.  21ನೇ ಶತಮಾನದಲ್ಲಿ ಹೊಸ ಉಗಿ ಎಂಜಿನ್ ತಯಾರಿಸಬಲ್ಲ ಸರ್ಕಾರಿ ಕಾರ್ಯಾಗಾರ ಜಗತ್ತಿನಲ್ಲಿ ಎಷ್ಟಿವೆ ಎಂದು ಎಣಿಸಲು ಒಂದು ಕೈಯ ಬೆರಳು ಸಾಕಾದೀತು. ಟೊರ್ನಾಡೊ ಕಥೆಯ ಪಕ್ಕದಲ್ಲಿಟ್ಟು ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಈ ವಿದ್ಯೆ ಉಳಿದದ್ದಕ್ಕೆ ಕಾರಣವೂ ಸರಳ. ನೀಲಗಿರಿ ರೈಲು, ಮಳೆಗೆ ಗುಡ್ಡ ಕುಸಿದು ಹಳಿ ಮುಚ್ಚುವ ದಿನಗಳನ್ನು ಬಿಟ್ಟರೆ, ದಿನವೂ ಓಡುತ್ತದೆ. ಕೆಲಸ ಇದ್ದರೆ ಕೆಲಸಗಾರರು ಇರುತ್ತಾರೆ.

ಹಣ, ತಂತಿ, ಹೈಡ್ರೋಜನ್

ಬಯಲುಸೀಮೆಯ ಪಾರಂಪರಿಕ ಓಟಗಳ ಲೆಕ್ಕ ಹೀಗಿಲ್ಲ. ಫೇರಿ ಕ್ವೀನ್‌ನ 60 ಆಸನಗಳೂ ತುಂಬಿ, ತಲೆಗೆ 6,000 ರೂಪಾಯಿ ಟಿಕೆಟ್ ಎಂದು ಸುಮ್ಮನೆ ಊಹಿಸಿದರೂ ಒಂದು ಓಟಕ್ಕೆ ಬರುವುದು 3.6 ಲಕ್ಷ. ಕಾರ್ಯಾಗಾರ, ಸಿಬ್ಬಂದಿ, ಕಾವಲು, ಮುಖ್ಯಮಾರ್ಗದಲ್ಲಿ 40 ಕಿ.ಮೀ. ವೇಗದ ರೈಲಿಗೆ ದಾರಿ ಬಿಡಲು ಬೇರೆ ರೈಲುಗಳನ್ನು ತಡೆಯುವ ನಷ್ಟ, ಇವನ್ನೆಲ್ಲ ಟಿಕೆಟ್ ಹಣದಿಂದ ತುಂಬುವ ಮಾತೇ ಇಲ್ಲ.

ಎರಡನೆಯದು ತಂತಿ. ಬ್ರಾಡ್ ಗೇಜ್ ಮಾರ್ಗ ಬಹುತೇಕ ವಿದ್ಯುದೀಕರಣಗೊಂಡಿದೆ. ತಲೆಯ ಮೇಲೆ 25,000 ವೋಲ್ಟ್. ಅದರ ಎರಡು ಮೀಟರ್ ಹತ್ತಿರಕ್ಕೂ ಹೋಗಬಾರದು. ಹಳೆಯ ಕಾಲದಲ್ಲಿ ಫೈರ್‌ಮನ್ ಕಲ್ಲಿದ್ದಲು ರಾಶಿಯ ಮೇಲೆ ಹತ್ತಿ ನಿಲ್ಲುತ್ತಿದ್ದ, ಉದ್ದನೆಯ ಕಬ್ಬಿಣದ ಸಲಾಕೆ ಎತ್ತುತ್ತಿದ್ದ. ಇಂದು ಅದೇ ಕೆಲಸ ಸಾವಿಗೆ ಆಹ್ವಾನ. ನಿಲ್ದಾಣಗಳಲ್ಲಿ ಆನೆಯ ಸೊಂಡಿಲಿನಂತೆ ನಿಂತಿದ್ದ ನೀರಿನ ಕಂಬಗಳೂ ಮಾಯವಾಗಿವೆ, ಈಗ ಟ್ಯಾಂಕರ್‌ನಿಂದಲೇ ನೀರು ತುಂಬಬೇಕು.

ಮೂರನೆಯದು ಹೊಸ ನೀತಿ. 'ಪರಂಪರೆಗೆ ಹೈಡ್ರೋಜನ್' ಎಂಬ ಯೋಜನೆಯಡಿ ಗಿರಿಧಾಮ ಮತ್ತು ಪಾರಂಪರಿಕ ಮಾರ್ಗಗಳಲ್ಲಿ 35 ಹೈಡ್ರೋಜನ್ ರೈಲು ಓಡಿಸುವ ಉದ್ದೇಶವನ್ನು ರೈಲ್ವೆ 2023ರಲ್ಲಿ ಪ್ರಕಟಿಸಿತು. ಅಂದಾಜು ವೆಚ್ಚ ರೈಲೊಂದಕ್ಕೆ 80 ಕೋಟಿ ರೂಪಾಯಿ, ಮಾರ್ಗವೊಂದರ ಮೂಲಸೌಕರ್ಯಕ್ಕೆ 70 ಕೋಟಿ. ಡೀಸೆಲ್ ಜಾಗಕ್ಕೆ ಹೈಡ್ರೋಜನ್ ಬಂದರೆ ಆಕ್ಷೇಪವಿಲ್ಲ, ಸ್ವಾಗತವೇ. ಆದರೆ ಅದು ಉಗಿಯ ಜಾಗಕ್ಕೆ ಬಂದರೆ? ದೇಶದಲ್ಲಿ ಉಳಿದಿರುವ ಬೆರಳೆಣಿಕೆಯ ಉಗಿ ಓಟಗಳ ಹೊಗೆಯಿಂದ ವಾತಾವರಣಕ್ಕೆ ಆಗುವ ಹಾನಿ, ಉಷ್ಣ ವಿದ್ಯುತ್ ಸ್ಥಾವರಗಳ ಲೆಕ್ಕದಲ್ಲಿ ಗಣನೆಗೂ ಬಾರದಷ್ಟು. ಪರಿಸರದ ಹೆಸರಿನಲ್ಲಿ ಇವನ್ನು ನಿಲ್ಲಿಸುವುದು ಮನೆಯ ದೀಪಾರಾಧನೆ ನಿಲ್ಲಿಸಿ ಹೊಗೆ ಕಡಿಮೆ ಮಾಡಿದಂತೆ.

ಒಂದು ಹೈಡ್ರೋಜನ್ ರೈಲಿನ 80 ಕೋಟಿಯಲ್ಲಿ ಸಣ್ಣ ಪಾಲನ್ನು ರೇವಾಡಿಗೆ, ಪೆರಂಬೂರಿಗೆ, ಪೊನ್ಮಲೈಗೆ, ಡಾರ್ಜಿಲಿಂಗ್ ಮಾರ್ಗದ ತಿಂಧಾರಿಯಾ ಕಾರ್ಯಾಗಾರಕ್ಕೆ ತರಬೇತಿಗೆಂದು ಕೊಟ್ಟರೂ ಸಾಕು. ಹರಿಯಾಣದ ರೇವಾಡಿ ಶೆಡ್ 1893ರದ್ದು. 'ಅಕ್ಬರ್' ಹೆಸರಿನ ಎಂಜಿನ್ ಸೇರಿದಂತೆ ಹಲವು ಉಗಿ ಎಂಜಿನ್‌ಗಳು ಅಲ್ಲಿವೆ. 'ಗದರ್' ಚಿತ್ರದ ರೈಲು ದೃಶ್ಯಗಳಲ್ಲಿ ಕಾಣಿಸಿಕೊಂಡದ್ದು ಈ ಅಕ್ಬರ್‌ನೇ. ಮುಖ್ಯಮಾರ್ಗದ ಬದಲು ಕಡಿಮೆ ಸಂಚಾರದ ಕವಲು ಮಾರ್ಗವೊಂದನ್ನು ಗೊತ್ತುಮಾಡಿ, ಚಳಿಗಾಲದ ಪ್ರತಿ ವಾರಾಂತ್ಯ 15-20 ಕಿ.ಮೀ. ಓಡಿಸಿದರೆ ಟಿಕೆಟ್ ದರವೂ ಮಧ್ಯಮ ವರ್ಗದ ಕುಟುಂಬಕ್ಕೆ ಎಟುಕೀತು. ಡಾರ್ಜಿಲಿಂಗ್–ಘೂಮ್ ನಡುವಿನ ಸಣ್ಣ ಜಾಯ್‌ರೈಡ್ ನಡೆಯುತ್ತಿರುವುದೂ ಹೀಗೆಯೇ. ಅಲ್ಲಿ ಡೀಸೆಲ್ ಎಂಜಿನ್‌ನ ಓಟಕ್ಕಿಂತ ಉಗಿ ಎಂಜಿನ್‌ನ ಓಟಕ್ಕೆ ಹೆಚ್ಚು ದರ. ಜನ ಹೆಚ್ಚು ಕೊಟ್ಟು ಉಗಿಯನ್ನೇ ಹತ್ತುತ್ತಾರೆ.

ಕರ್ನಾಟಕದ ಪಾಲಿಗೆ ಇರುವುದು 1979ರಲ್ಲಿ ಶುರುವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯ ಮತ್ತು 2020ರಲ್ಲಿ ತೆರೆದ ಹುಬ್ಬಳ್ಳಿಯದು. ಎರಡೂ ಕಡೆ ಉಗಿ ಎಂಜಿನ್‌ಗಳನ್ನು ಚೆಂದವಾಗಿ ನಿಲ್ಲಿಸಿ ಇಡಲಾಗಿದೆ. ಓಡುವ ಉಗಿ ರೈಲು ನೋಡಲು ಕನ್ನಡಿಗರು ಗಡಿ ದಾಟಬೇಕು.

ದಾಟುವವರಿಗೆ ಒಂದು ಮಾತು. ಮೆಟ್ಟುಪಾಳಯಂನಿಂದ ಬೆಳಿಗ್ಗೆ 7.10ಕ್ಕೆ ಹೊರಡುವ ರೈಲಿನ ಆಸನಗಳು ಬೇಗ ಮುಗಿಯುತ್ತವೆ. ಊಟಿಯಿಂದ ಕೂನೂರಿಗೆ ಮಾತ್ರ ಟಿಕೆಟ್ ಸಿಕ್ಕರೆ ನೋಟ ಸಿಗುತ್ತದೆ, ಉಗಿ ಸಿಗುವುದಿಲ್ಲ. ಮಳೆಗಾಲದಲ್ಲಿ ಹೊರಡುವ ಮುನ್ನ ಹಳಿ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ಇನ್ನು 'ಹೆರಿಟೇಜ್' ಎಂಬ ಹೆಸರಿನ ಯಾವ ರೈಲಿಗೇ ಆಗಲಿ ದುಡ್ಡು ಕೊಡುವ ಮೊದಲು, ಎಳೆಯುವ ಎಂಜಿನ್ ಯಾವುದು ಎಂದು ಕೇಳಿ.